ಕಾಯಿಲೆ ಕೇಳಿದ ಕಾಲಂ

ನನ್ನ ತಂದೆ, ನಮ್ಮ ಮಾತಿನಲ್ಲಿ ಉಪ್ಪ, ಇಪ್ಪತ್ತಾರು ವರ್ಷ ಗಲ್ಫಿನಲ್ಲಿ ದುಡಿದರು. ಅಷ್ಟರಲ್ಲಿ ಹದಿನೇಳು ಸಲ ರಜೆಗೆ ಮನೆಗೆ ಬಂದಿದ್ದರು. ಹಳೆಯ ಪಾಸ್‌ಪೋರ್ಟುಗಳ ಮುದ್ರೆ ನೋಡಿ ನಾನು ಎಣಿಸಿದ್ದೇನೆ. ಆದರೆ ದೇಶ ನೋಡಲೆಂದೇ ಅವರು ವಿಮಾನ ಹತ್ತಿದ್ದು ಒಂದೇ ಸಲ. ನಾನು ಕೆಲಸಕ್ಕೆ ಸೇರಿದ ಮೂರನೆಯ ವರ್ಷ ಉಪ್ಪ, ಉಮ್ಮ ಇಬ್ಬರನ್ನೂ ಏಳು ದಿನಕ್ಕೆ ವಿಯೆಟ್ನಾಂಗೆ ಕರೆದುಕೊಂಡು ಹೋದೆ.

ಹೊರಡಲು ಹನ್ನೆರಡು ದಿನ ಇರುವಾಗ ಪಕ್ಕದ ಪೇಟೆ ಉಪ್ಪಳದ ಒಂದು ಟ್ರಾವೆಲ್ಸ್‌ನಲ್ಲಿ ಕುಳಿತು ಪ್ರಯಾಣ ವಿಮೆಯ ಫಾರಂ ತುಂಬುತ್ತಿದ್ದೆ. ಅದು ಏಕೆ ಬೇಕೆಂದು ಉಪ್ಪನಿಗೆ ಅರ್ಥವೇ ಆಗಿರಲಿಲ್ಲ.

"ಎಂತಕ್ಕೆ ಇದೆಲ್ಲ? ನಮ್ಮ ಮಂಗಲ್ಪಾಡಿಯವರು ಇಲ್ಲದ ಊರುಂಟಾ? ಒಂದು ಫೋನ್ ಮಾಡಿದ್ರೆ ನಾಲ್ಕು ಜನ ಓಡಿ ಬರ್ತಾರೆ."

"ಓಡಿ ಬರುದು ದುಬೈಯಲ್ಲಿ ಕಾಕ," ಎಂದ ಕಂಪ್ಯೂಟರಿನ ಹಿಂದಿದ್ದ ಯುವಕ. "ಹನೋಯಿಯಲ್ಲಿ ಯಾರಿದ್ದಾರೆ ಮಾರಾಯ್ರೆ? ಅಲ್ಲಿ ನಿಮ್ಮ ಫೋನ್ ಎತ್ತುದು ಈ ವಿಮೆಯವರು ಮಾತ್ರ."

ಫಾರಂನಲ್ಲಿ ಒಂದು ಕಾಲಂ ಈಗಾಗಲೇ ಇರುವ ಕಾಯಿಲೆಯನ್ನು ಕೇಳುತ್ತಿತ್ತು. ಉಪ್ಪನಿಗೆ ಶುಗರ್ ಇತ್ತು. ಊರಿಗೆ ಮರಳಿದ ಮೇಲೆ ಗೊತ್ತಾದದ್ದು, ಆರು ವರ್ಷ ಆಗಿತ್ತು. ವಾರಕ್ಕೆರಡು ಸಲ ರಕ್ತ ನೋಡಿ ಅಂಕಿ ಬರೆದಿಡುವವಳು ನಾನೇ.

"ಇಲ್ಲ ಅಂತ ಬರಿ ಮೋಳೇ," ಎಂದರು.

"ಉಂಟಲ್ಲ ಉಪ್ಪ."

"ಉಂಟು ಅಂತ ಬರೆದವರ ಕತೆ ನಂಗೆ ಗೊತ್ತುಂಟು."

ಅವರು ಹೇಳಿದ್ದು ಗಲ್ಫಿನ ಮೆಡಿಕಲ್ ಬಗ್ಗೆ. ವೀಸಾ ಸಿಗಬೇಕಾದರೂ, ಉಳಿಸಿಕೊಳ್ಳಬೇಕಾದರೂ ಆ ತಪಾಸಣೆಯ ಕಾಗದದಲ್ಲಿ ಫಿಟ್ ಎಂದು ಬರಬೇಕು. ಅನ್‌ಫಿಟ್ ಎಂದು ಬಂದ ಇಬ್ಬರು ಅವರ ರೂಮಿನಿಂದಲೇ, ತಂದ ಪೆಟ್ಟಿಗೆಯನ್ನು ಪೂರ್ತಿ ಬಿಚ್ಚುವ ಮೊದಲೇ ವಾಪಸಾಗಿದ್ದರು. ಕಾಯಿಲೆ ಉಂಟೇ ಎಂದು ಯಾರು ಕೇಳಿದರೂ ಉಪ್ಪನ ಬಾಯಿಯಿಂದ ಬರುವುದು ಒಂದೇ ಉತ್ತರ.

"ಇದು ಗಲ್ಫ್ ಮೆಡಿಕಲ್ ಅಲ್ಲ ಕಾಕ," ಎಂದು ಯುವಕ ನಕ್ಕ. "ಇಲ್ಲಿ ಕಾಯಿಲೆ ಹೇಳಿದ್ರೆ ಯಾರೂ ನಿಲ್ಲಿಸುದಿಲ್ಲ. ಹೇಳದಿದ್ರೆ ಆಮೇಲೆ ತೊಂದರೆ."

ಉಪ್ಪ ಎದ್ದು ಹೊರಗೆ ಹೋಗಿ ನಿಂತರು. ನಾನು 'ಇಲ್ಲ' ಎಂದು ಬರೆದೆ.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ಒಬ್ಬಳೇ ಹೋಗಿ ಅದನ್ನು ಬದಲಿಸಿದೆ. ಇರುವ ಕಾಯಿಲೆಗೂ ತುರ್ತು ಚಿಕಿತ್ಸೆ ಸಿಗುವ ಬೇರೆ ಪಾಲಿಸಿ ಇತ್ತು. ಸಕ್ಕರೆ ಕಾಯಿಲೆ, ಆರು ವರ್ಷ ಎಂದು ತುಂಬಿದೆ. ಮನೆಯಲ್ಲಿ ಹೇಳಲಿಲ್ಲ.

ಹನೋಯಿಯಲ್ಲಿ ಉಪ್ಪನಿಗೆ ಊಟದ್ದೇ ಸಂಶಯ. ಯಾವ ಮಾಂಸವೋ, ಯಾವ ಎಣ್ಣೆಯೋ ಎಂದು ತಟ್ಟೆ ಸರಿಸುತ್ತಿದ್ದರು. ನನ್ನ ಡೈರಿಯಲ್ಲಿ ಎರಡನೆಯ ದಿನದ ಲೆಕ್ಕ ಹೀಗಿದೆ: ಬಾಳೆಹಣ್ಣು ಮೂರು, ಬನ್ನು ಒಂದು, ಮಾತ್ರೆ ಎರಡು ಹೊತ್ತು. ಬರೆದೆನೇ ಹೊರತು ಅದರ ಅರ್ಥ ನನಗೆ ಹೊಳೆಯಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಹತ್ತೂವರೆಗೆ, ಕೆರೆಯ ದಂಡೆಯಲ್ಲಿ ನಡೆಯುತ್ತಿದ್ದವರು ಒಂದು ಕಲ್ಲು ಬೆಂಚಿನ ಮೇಲೆ ಕುಳಿತುಬಿಟ್ಟರು. ಅಂಗಿ ಬೆವರಿನಲ್ಲಿ ಒದ್ದೆಯಾಗಿತ್ತು. ಉಮ್ಮ ಕರೆದರೆ ಯಾರೋ ಹಳೆಯ ಮೇಸ್ತ್ರಿಯ ಹೆಸರು ಹಿಡಿದು ಉತ್ತರಿಸುತ್ತಿದ್ದರು. ಟ್ಯಾಕ್ಸಿಯವನು ಹನ್ನೊಂದು ನಿಮಿಷದಲ್ಲಿ ಆಸ್ಪತ್ರೆಗೆ ಮುಟ್ಟಿಸಿದ.

ಸರಿಯಾಗಿ ಉಣ್ಣದೆ ಮಾತ್ರೆ ಮಾತ್ರ ನುಂಗಿದ್ದಕ್ಕೆ ರಕ್ತದಲ್ಲಿ ಸಕ್ಕರೆ ತೀರಾ ಇಳಿದಿತ್ತು. ಗ್ಲೂಕೋಸ್ ಹಾಕಿದ ಮೇಲೆ ಅರ್ಧ ಗಂಟೆಯಲ್ಲಿ ನಮ್ಮನ್ನು ಗುರುತಿಸಿದರು. ಆದರೆ ಆ ಮಾತ್ರೆಯ ಪ್ರಭಾವ ಇನ್ನೂ ಇಳಿದಿಲ್ಲ, ಸಕ್ಕರೆ ಮತ್ತೆ ಕುಸಿಯಬಹುದು, ಒಂದು ದಿನವಾದರೂ ಇಲ್ಲೇ ಇರಬೇಕು ಎಂದರು ಡಾಕ್ಟರ್. ಒಳಗೆ ಸೇರಿಸಿಕೊಳ್ಳಲು ದೊಡ್ಡ ಮುಂಗಡ ಕಟ್ಟಬೇಕು, ಇಲ್ಲವೇ ವಿಮೆಯವರ ಒಪ್ಪಿಗೆ ಪತ್ರ ಬರಬೇಕು. ಮುಂಗಡ ಕಟ್ಟುವಷ್ಟು ನಮ್ಮ ಮೂವರಲ್ಲೂ ಸೇರಿ ಇರಲಿಲ್ಲ. ಪಾಲಿಸಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ರೋಗಿಯ ಜೊತೆಗೇ ಮಾತಾಡಬೇಕು, ಇನ್ನು ಹತ್ತು ನಿಮಿಷದಲ್ಲಿ ಕರೆಯುತ್ತೇವೆ ಎಂದರು.

ಉಪ್ಪ ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದರು, "ಶುಗರ್ ಉಂಟು ಅಂತ ಅವರಿಗೆ ಗೊತ್ತಾದ್ರೆ ವಾಪಸ್ ಕಳಿಸ್ತಾರಾ ಮೋಳೇ?"

"ಗೊತ್ತುಂಟು ಉಪ್ಪ. ನಾನು ಮೊದಲೇ ಬರೆದು ಕೊಟ್ಟಿದ್ದೇನೆ."

ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ಫೋನ್ ಬಂದಾಗ ಮಾತ್ರ ತಾವೇ ಕೈ ಚಾಚಿದರು. ಆ ಕಡೆ ಹಿಂದಿ ಮಾತಾಡುವ ಹೆಂಗಸು. ಉಪ್ಪನಿಗೆ ಹಿಂದಿ ಚೆನ್ನಾಗಿ ಬರುತ್ತದೆ. ನಾನು ಸ್ಪೀಕರ್ ಹಾಕಿದೆ.

"ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ?"

ಉಪ್ಪ ಫೋನನ್ನು ಬಾಯಿಯ ಹತ್ತಿರಕ್ಕೆ ತಂದರು. "ಹದಿನಾಲ್ಕು," ಎಂದರು.

ಉಮ್ಮ ಸುಲಿಯುತ್ತಿದ್ದ ಕಿತ್ತಳೆಯನ್ನು ಕೆಳಗಿಟ್ಟರು.

"ಫಾರಂನಲ್ಲಿ ಆರು ಅಂತ ಇದೆ."

"ಅದು ಮಗಳಿಗೆ ಗೊತ್ತಿದ್ದದ್ದು. ಅವಳು ಸುಳ್ಳು ಬರೆದದ್ದಲ್ಲ. ಹೇಳದೆ ಇದ್ದದ್ದು ನಾನು."

ಬರೆದುಕೊಂಡಿದ್ದೇವೆ, ಡಾಕ್ಟರ ವರದಿ ನೋಡಿ ತಿಳಿಸುತ್ತೇವೆ ಎಂದು ಆಕೆ ಫೋನ್ ಇಟ್ಟರು. ನಾವು ಕಾದದ್ದು ಐವತ್ತೆರಡು ನಿಮಿಷ. ಆರು ಮತ್ತು ಹದಿನಾಲ್ಕರ ನಡುವಿನ ಆ ಎಂಟು ವರ್ಷಕ್ಕಾಗಿ ಪತ್ರ ಬಾರದೆ ಹೋದರೆ ಏನು ಮಾಡುವುದೆಂದು ನಾನು ಬಾಗಿಲನ್ನೇ ನೋಡುತ್ತಿದ್ದೆ. ಉಮ್ಮನ ಯೋಚನೆ ಬೇರೆಯೇ ಇತ್ತು.

"ರಜೆಗೆ ಬಂದಾಗೆಲ್ಲ ದಿನಾ ಪಾಯಸ ಮಾಡಿ ಹಾಕಿದೆನಲ್ಲ. ಒಂದು ಮಾತು ಹೇಳ್ಬಾರದಿತ್ತಾ?"

"ಹೇಳಿದ್ರೆ ನೀನು ಮಾಡ್ತಿದ್ದೆಯಾ?"

"ವಿಷ ಕೊಟ್ಟ ಹಾಗೆ ಆಯ್ತಲ್ಲ ನಾನು."

"ರಜೆಯ ಒಂದು ತಿಂಗಳು," ಎಂದರು ಉಪ್ಪ. "ಅಷ್ಟು ಸಾಕಿತ್ತು ನಂಗೆ."

ಒಪ್ಪಿಗೆ ಪತ್ರ ಬಂತು. ನರ್ಸ್ ಅವರನ್ನು ಮೇಲಿನ ವಾರ್ಡಿಗೆ ಸಾಗಿಸಿದರು. ಸಂಜೆ ಡಾಕ್ಟರ್ ಬಂದು, ಕಾಯಿಲೆಯ ಹಿಂದಿನ ವಿವರವೆಲ್ಲ ಬೇಕು ಎಂದು ಅನುವಾದಿಸುವ ಫೋನನ್ನು ಹಾಸಿಗೆಯ ಮೇಲಿಟ್ಟರು. ಉಪ್ಪ ದಿಂಬಿಗೆ ಒರಗಿ ಮೊದಲ ವರ್ಷದಿಂದಲೇ ಶುರು ಮಾಡಿದರು: ಯಾವ ಊರಿನ ಲ್ಯಾಬಿಗೆ ಯಾರ ಜೊತೆ ಹೋದದ್ದು, ಊರಿಂದ ಬರುವವರ ಕೈಯಲ್ಲಿ ಯಾರ ಹೆಸರು ಹೇಳಿ ಮಾತ್ರೆ ತರಿಸಿದ್ದು, ಮಾತ್ರೆ ಮುಗಿದ ವಾರಗಳಲ್ಲಿ ಹೇಗೆ ಕೆಲಸ ಮಾಡಿದ್ದು. ಡಾಕ್ಟರಿಗೆ ಬೇಕಾದದ್ದು ಅದರಲ್ಲಿ ಕಾಲು ಭಾಗವೂ ಇರಲಿಲ್ಲ. ಅವರು ಹೋದ ಮೇಲೂ ಉಪ್ಪ ಹೇಳುತ್ತಲೇ ಇದ್ದರು. ನಾನೂ ಉಮ್ಮನೂ ಕುರ್ಚಿಗಳನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡೆವು.