ಅಜ್ಜಿಯ ಹಂಡೆ, ಮುಕ್ತಾರನ ಕಡಲು

ಹುನಗುಂದದ ನಮ್ಮ ಓಣಿಯಲ್ಲಿ ಪಂಢರೀನಾಥ ಮಾಸ್ತರ ಅಂದರೆ ನಾನೇ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದೆ. ಕಲಿಸುವ ಚಟ ಮಾತ್ರ ನಿವೃತ್ತವಾಗಲಿಲ್ಲ. ಹಾಲಿನವನಿಗೆ ಹಾಲಿನ ಸಾಂದ್ರತೆ ತಿಳಿಸಿದೆ, ಕ್ಷೌರದವನಿಗೆ ನೊರೆಯ ಗುಣಧರ್ಮ ತಿಳಿಸಿದೆ. ಹಾಲಿನವನು ಈಗ ತಪೇಲಿಗೆ ಹಾಲು ಸುರಿದು ಓಡುತ್ತಾನೆ.

ಓಡಿಹೋಗದೆ ಉಳಿದವನು ಪಕ್ಕದ ಮನೆಯ ಮುಕ್ತಾರ, ನನ್ನ ಹಳೆಯ ವಿದ್ಯಾರ್ಥಿ. ಸುಟ್ಟ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವುದು ಅವನ ಕಸುಬು. ಅವನ ಪಡಸಾಲೆಯಲ್ಲಿ ಒಂದು ಸಮುದ್ರವಿದೆ. ಐದು ಅಡಿಯ ಗಾಜಿನ ತೊಟ್ಟಿ, ಉಪ್ಪುನೀರು, ಹವಳ, ಗಾಜಿಗೆ ಅಂಟಿಕೊಂಡ ಪುಟ್ಟ ಶಂಖದ ಹುಳಗಳು, ಒಂದು ಕೆಂಪು ಸಿಗಡಿ. ನಡುವೆ ಕಲ್ಲಿನ ಮೇಲೆ ಒಂದು ಕಡಲಹೂವು. ಹೆಸರಿಗೆ ಹೂವು, ನಿಜಕ್ಕೆ ಪ್ರಾಣಿ. ಅದರ ನೂರಾರು ಬೆರಳುಗಳ ನಡುವೆ ಎರಡು ಕೇಸರಿ ಮೀನು ಸಂಸಾರ ಹೂಡಿವೆ. ಹನ್ನೊಂದು ವರ್ಷದ ಹಿಂದೆ, ಮಗಳು ಹುಟ್ಟಿದ ವರ್ಷ, ಮುಕ್ತಾರ ಆ ಹೂವನ್ನು ಪುಣೆಯಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ. ಮಗಳಿಗೆ ಒಂದು ಮಾತು ಗದರಿದರೂ ಗದರಿಯಾನು, ಅದಕ್ಕಲ್ಲ.

ಆರೇಳು ತಿಂಗಳ ಹಿಂದೆ ಅವನ ತಾಯಿ ದಸ್ತಗೀರಬಿಯ ಬಹುದಿನದ ಆಸೆಯಂತೆ ಮನೆಮಂದಿಯೆಲ್ಲ ಇಪ್ಪತ್ತು ದಿನ ಮೆಕ್ಕಾ ಯಾತ್ರೆಗೆ ಹೊರಟಾಗ ಕೀಲಿ ನನ್ನ ಕೈಗೆ ಬಂತು.

"ಸರ್, ಆ ಹೂವು ಅಷ್ಟು ಜ್ವಾಕಿ. ವಾರಕ್ಕೊಮ್ಮೆ ಸ್ವಲ್ಪ ಉಪ್ಪುನೀರು ಬದಲಿ ಮಾಡ್ರಿ. ತಾಮ್ರ ಒಂದು ಸೋಂಕಬಾರದ್ರಿ, ಹೂವು, ಹುಳ, ಸಿಗಡಿಗೆ ಅದು ವಿಷ," ಅಂದ.

"ತಾಮ್ರದ ವಿಷಯ ನನಗ ಹೇಳ್ತಿಯೇನಲೇ?" ಎಂದು ಅರ್ಧ ತಾಸು ತಾಮ್ರದ ಮೇಲೆ ಪಾಠ ಮಾಡಿದೆ. ಅವನ ಬಸ್ಸು ತಪ್ಪುವುದರಲ್ಲಿತ್ತು.

ಅವನು ನೀರು ಕೂಡಿಸಲು ಒಂದು ನೀಲಿ ಪ್ಲಾಸ್ಟಿಕ್ ಡ್ರಮ್ಮು ಬಿಟ್ಟು ಹೋಗಿದ್ದ. ಪ್ಲಾಸ್ಟಿಕ್ಕಿನ ನೀರು ವಿಷವೆಂದು ಮೊಬೈಲಿನಲ್ಲಿ ದಿನಾ ಹತ್ತು ಜನರಿಗೆ ಸಂದೇಶ ಕಳಿಸುವವನು ನಾನು. ಡ್ರಮ್ಮನ್ನು ಹಿತ್ತಲಲ್ಲಿ ಬೋರಲು ಹಾಕಿ ನಮ್ಮ ಅಜ್ಜಿಯ ಹಂಡೆ ತಂದೆ. ನಾಲ್ಕು ತಲೆಮಾರು ಮಡಿನೀರು ತುಂಬಿದ ಹಂಡೆ. ಅದರಲ್ಲೇ ಸಂಜೆ ಉಪ್ಪು ಕಲಸಿಟ್ಟು ಮರುದಿನ ತೊಟ್ಟಿಗೆ ಸುರಿದೆ. ವಾರಕ್ಕೊಮ್ಮೆ ಅಂದದ್ದನ್ನು ದಿನ ಬಿಟ್ಟು ದಿನ ಮಾಡಿದೆ. ಹಂಡೆ ತಾಮ್ರದ್ದು ಎಂದು ನನಗೆ ಹೊಳೆಯಲೇ ಇಲ್ಲ. ನನ್ನ ಪಾಲಿಗೆ ತಾಮ್ರವೆಂದರೆ ಪ್ರಯೋಗಾಲಯದ ಸೀಸೆಯಲ್ಲಿರುವುದು. ಮನೆಯಲ್ಲಿರುವುದು ಹಂಡೆ.

ಆರನೆಯ ದಿನ ಶಂಖದ ಹುಳಗಳು ಗಾಜಿನಿಂದ ಉದುರಿ ತಳದಲ್ಲಿ ಬಿದ್ದವು. ಅಂದೇ ಮುಕ್ತಾರ ಮೆಕ್ಕಾದಿಂದ ವಿಡಿಯೋ ಕರೆ ಮಾಡಿ ತೊಟ್ಟಿ ನೋಡಿ, "ಶಂಖದ ಹುಳ ಎಲ್ಲ್ಯದಾವ್ರಿ?" ಅಂದ. "ಮಕ್ಕೊಂಡಾವು," ಅಂದೆ. ಅವನ ತಾಯಿಯ ಯಾತ್ರೆ ಕೆಡಬಾರದೆಂದು ಸುಳ್ಳು ಹೇಳಿದೆ ಎಂದು ಅವತ್ತು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜವೆಂದರೆ ನನ್ನ ಮಾನ ಕಾಯ್ದುಕೊಂಡೆ. ಎಂಟನೆಯ ದಿನ ಸಿಗಡಿ ಸತ್ತಿತು. ನೀರು ಮೈಲಿಗೆಯಾಯಿತೆಂದು ದಿನಾ ಬದಲಿಸತೊಡಗಿದೆ, ಅದೇ ಹಂಡೆಯಿಂದ. ಹತ್ತನೆಯ ದಿನ ಕಡಲಹೂವು ಹಿಂಡಿಟ್ಟ ಅರಿವೆಯಂತೆ ಮುದುಡಿತು. ಕೇಸರಿ ಮೀನುಗಳು ಅದರ ಸುತ್ತ ಸುಮ್ಮನೆ ತಿರುಗುತ್ತಿದ್ದವು. ನನಗೆ ಊಟ ಸೇರಲಿಲ್ಲ.

ಹನ್ನೊಂದನೆಯ ದಿನ ನನ್ನ ಹೆಂಡತಿ ಮಥುರಾಬಾಯಿ ಹುಣಸೆಹಣ್ಣು ಹಚ್ಚಿ ಹಂಡೆ ತಿಕ್ಕಲು ಕುಳಿತಳು.

"ಅಲ್ರೀ, ಇದರಾಗ ಉಪ್ಪು ಹಾಕಿದ್ರೇನು? ಒಳಗೆಲ್ಲಾ ಹಸರ ಕಿಲುಬು ಹಿಡದದ. ಉಪ್ಪಿನಕಾಯಿ, ಮಜ್ಜಿಗಿ ತಾಮ್ರದಾಗ ಇಡಬಾರದಂತ ನಮ್ಮವ್ವ ನನಗ ಏಳು ವರ್ಷದಾಕಿ ಇದ್ದಾಗ ಹೇಳ್ಯಾಳ."

ಬಗ್ಗಿ ನೋಡಿದೆ. ನಿವೃತ್ತಿಯ ದಿನ ನೆನಪಿಗೆಂದು ತಂದಿಟ್ಟಿದ್ದ ಅಮೋನಿಯಾ ಸೀಸೆ ತೆಗೆದು ಆ ಹಸಿರಿನ ಮೇಲೆ ಎರಡು ಹನಿ ಬಿಟ್ಟೆ. ಕಡುನೀಲಿ. ತಾಮ್ರದ ಗುರುತೆಂದು ಮೂವತ್ತೊಂದು ವರ್ಷ ಮಕ್ಕಳಿಗೆ ಅದೇ ನೀಲಿ ತೋರಿಸಿದವನು ನಾನು. ಕಡೆಯ ಬೆಂಚಿನಲ್ಲಿ ಕೂತು ನೋಡಿದವರಲ್ಲಿ ಮುಕ್ತಾರನೂ ಒಬ್ಬ. ಹಿತ್ತಲಲ್ಲಿ ಹಾಗೇ ಕುಳಿತುಬಿಟ್ಟೆ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು.

"ಕೂತ್ರ ಅದು ಬದುಕೂದಿಲ್ಲ, ಏಳ್ರಿ," ಅಂದಳು ಮಥುರಾಬಾಯಿ.

ಡ್ರಮ್ಮು ತೊಳೆದು ಹೊಸ ಉಪ್ಪುನೀರು ಕೂಡಿಸಿ ಮರುದಿನ ಮುಕ್ತಾರನ ಮನೆಯದೇ ಪ್ಲಾಸ್ಟಿಕ್ ಟಬ್ಬಿಗೆ ತುಂಬಿದೆವು. ತೊಟ್ಟಿಯ ಕಲ್ಲುಗಳು ತಾಮ್ರ ಕುಡಿದಿದ್ದವು, ಅಲ್ಲಿ ಕಡಲಹೂವನ್ನು ಬಿಡುವಂತಿರಲಿಲ್ಲ. ಎರಡೂ ಮೀನುಗಳನ್ನು ನಾನೇ ಹಿಡಿದು ಟಬ್ಬಿಗೆ ಬಿಟ್ಟೆ. ಕಲ್ಲಿಗೆ ಅಂಟಿದ ಹೂವಿನ ಬುಡ ಬಿಡಿಸುವುದು ಮಾತ್ರ ನನ್ನಿಂದ ಆಗಲಿಲ್ಲ. ಮೀನಿನ ನೀರಿಗೆ ಜನ್ಮದಲ್ಲಿ ಕೈ ಹಚ್ಚದ ಮಥುರಾಬಾಯಿ ಬಳೆ ಮೇಲೇರಿಸಿ, ಬಿಸಿಲಿಗಿಟ್ಟ ಹಸಿ ಹಪ್ಪಳ ಎತ್ತುವಂತೆ ಬೆರಳ ತುದಿಯಿಂದ ಎತ್ತಿದಳು. ಹರಿಯಲಿಲ್ಲ. ಆಮೇಲೆ ಹೋಗಿ ಸ್ನಾನ ಮಾಡಿ ಬಂದಳು. ಹದಿನೇಳನೆಯ ದಿನ ಟಬ್ಬಿನಲ್ಲಿ ನಾಲ್ಕು ಬೆರಳು ಬಿಚ್ಚಿದವು. ಹತ್ತೊಂಬತ್ತನೆಯ ದಿನ ಒಂದು ಮೀನು ಒಳಹೊಕ್ಕಿತು.

ಮುಕ್ತಾರ ಬಂದು ಟಬ್ಬಿನ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಮುಷ್ಟಿಗಾತ್ರ ಉಳಿದ ಹೂವನ್ನು ನೋಡಿದ. ಹಂಡೆಯ ಕಥೆಯನ್ನೆಲ್ಲ ಹೇಳಿದೆ.

"ಶಂಖದ ಹುಳ ಕಾಣ್ಲಿಲ್ಲಂದ ದಿನಾನ ನನಗ ಸಂಶಯ ಬಂದಿತ್ರಿ."

"ಮತ್ತ ಕೇಳಬೇಕಿಲ್ಲೋ?"

"ಕೇಳಿದ್ನಲ್ರಿ. ಮಕ್ಕೊಂಡಾವು ಅಂದ್ರಿ. ಮಾಸ್ತರಿಗೆ ಎರಡನೇ ಸಲ ಹೆಂಗ ಕೇಳೋದು?"

ತರಗತಿಯಲ್ಲಿ ಯಾರೂ ಎರಡನೆಯ ಸಲ ಪ್ರಶ್ನೆ ಕೇಳಬಾರದೆಂಬ ನಿಯಮ ಮಾಡಿದವನು ನಾನೇ. ಅದನ್ನು ಇವನೊಬ್ಬ ಇನ್ನೂ ಪಾಲಿಸುತ್ತಿದ್ದ.

ಕಲ್ಲುಗಳನ್ನು ಎಸೆದು ಅವನು ತೊಟ್ಟಿಯನ್ನು ಹೊಸದಾಗಿ ಕಟ್ಟಲು ಐದು ತಿಂಗಳು ಹಿಡಿಯಿತು. ಕಳೆದ ವಾರ ಮದುವೆಗೆಂದು ಇಳಕಲ್ಲಿಗೆ ಎರಡು ದಿನ ಹೊರಟವನು ಕೀಲಿ ಹಿಡಿದು ಬಂದ. ರೂಢಿಯಂತೆ ನಾನು ಕೈ ಚಾಚಿದೆ. ಅವನು ನನ್ನನ್ನು ದಾಟಿ ಅಡುಗೆಮನೆಯ ಬಾಗಿಲಿಗೆ ಹೋದ.

"ಬಾಯಾರ, ಸ್ವಲ್ಪ ನೋಡಕೊಳ್ರಿ. ಏನರ ಸಂಶಯ ಬಂದ್ರ ಸರ್‌ಗೆ ಕೇಳಬ್ಯಾಡ್ರಿ, ನನಗ ಫೋನ್ ಹಚ್ಚರಿ."

ಮಥುರಾಬಾಯಿ ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡು, ನೀರು ತರಲು ಪ್ಲಾಸ್ಟಿಕ್ ಬಕೀಟು ನನ್ನ ಕೈಗೆ ಕೊಟ್ಟಳು.