ಸಿಡಿಮಿಡಿಯ ಅರ್ಥ ಹೇಳುವ ಆಯಮ್ಮ

ಬೆಳಗಿನ ಐದೂವರೆ. ರಕ್ತದ ಕ್ಯಾನ್ಸರಿನ ಮಕ್ಕಳ ವಾರ್ಡಿನಲ್ಲಿ ಆಯಮ್ಮ ಫಿನಾಯಿಲ್ ನೀರಿನಿಂದ ನೆಲ ಒರೆಸುತ್ತಿದ್ದಾರೆ. ಅವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನು ಪೆನ್ನು ತೆಗೆದರೆ ಮೊದಲು ಕಾಲೆತ್ತಿ ಎನ್ನುತ್ತಾರೆ. ಇಲ್ಲಿ ದೊಡ್ಡ ಡಾಕ್ಟರೂ ಎತ್ತುತ್ತಾರಂತೆ.

ಮೂರನೇ ಹಾಸಿಗೆಯ ಐದು ವರ್ಷದ ಹುಡುಗಿ ಹಾಲಿನ ಲೋಟ ತಳ್ಳಿ, ಅಮ್ಮನ ಕೈ ಕಚ್ಚಿದ್ದಾಳೆ. ಅದೇನು ಸಿಡಿಮಿಡಿನೋ ಇವಳದು ಎಂದು ತಾಯಿ ಕಣ್ಣೊರೆಸಿಕೊಳ್ಳುತ್ತಾರೆ. ಹಾಗಂದರೇನು ಎಂದು ಹುಡುಗಿ ದುರುಗುಟ್ಟಿಕೊಂಡೇ ಕೇಳುತ್ತಾಳೆ. ಆಯಮ್ಮ ಕೈ ತೊಳೆದು ಬಂದು ಹಾಸಿಗೆಯ ಪಕ್ಕ ಕೂರುತ್ತಾರೆ.

“ಯಾರೂ ಏನೂ ಅಂದಿರಲ್ಲ, ಆದ್ರೂ ಎಲ್ಲರ ಮೇಲೂ ಸಿಟ್ಟು ಬರುತ್ತೆ. ಹೊದಿಕೆ ಚುಚ್ಚುತ್ತೆ, ಅಮ್ಮ ಮಾತಾಡಿದ್ರೂ ಆಗಲ್ಲ. ಅದೇ ಪುಟ್ಟಿ, ಸಿಡಿಮಿಡಿ. ನೀನು ಕೆಟ್ಟವಳು ಅಂತಲ್ಲ. ಹೊಟ್ಟೆನೋವು ಬರಲ್ವಾ, ಹಾಗೇ ಇದೂ ಬರುತ್ತೆ. ಬಂದಾಗ ಕಚ್ಚಬೇಡ, ನಂಗೆ ಹೇಳು.”

ಹೇಳುತ್ತಲೇ ಅವಳ ಹಣೆ ಮುಟ್ಟಿ ನೋಡುತ್ತಾರೆ. ಬಿಸಿಯಿಲ್ಲ.

ಹನ್ನೆರಡು ಹಾಸಿಗೆ, ದಿನಕ್ಕೆ ಮೂರು ಸಲ ನೆಲ, ಲೆಕ್ಕವಿಲ್ಲದಷ್ಟು ವಾಂತಿ ಬಟ್ಟಲು. ಗಂಡ ತೀರಿಹೋದ ಮೇಲೆ ಸೇರಿದ ಕೆಲಸಕ್ಕೆ ಈಗ ಹದಿನೇಳು ವರ್ಷ, ಮಂಡಿ ಸವೆದಿದೆ. ಮಕ್ಕಳಿಗೆ ಈ ಮಾತು ಕಲಿಸಿ ಎಂದು ಯಾರೂ ಹೇಳಿಲ್ಲ. ಔಷಧಿಯ ಸಂಕಟಕ್ಕೆ ಕಿರುಚಾಡಿ, ಆಮೇಲೆ ತಾವೇ ಕೆಟ್ಟವರೆಂದು ಮುದುಡಿಕೊಳ್ಳುವ ಮಕ್ಕಳನ್ನು ನೋಡಲಾಗದೆ ತಾವಾಗಿಯೇ ಶುರುಮಾಡಿದ್ದು.

ಹಣೆ ಮುಟ್ಟುವುದೇಕೆ ಎಂದು ಕೇಳಬಾರದಿತ್ತೇನೋ, ಕೇಳಿಬಿಟ್ಟೆ. ನಾಲ್ಕು ವರ್ಷದ ಹಿಂದೆ ಆರು ವರ್ಷದ ಜಾಣೆಯೊಬ್ಬಳು ಬೆಳಿಗ್ಗೆ ಇವರನ್ನು ಕರೆದು, ಆಯಮ್ಮಾ ನಂಗೆ ಸಿಡಿಮಿಡಿ ಎಂದಿದ್ದಳು. ಕಚ್ಚದೆ, ಕಿರುಚದೆ ಹೇಳಿದಳಲ್ಲ ಎಂದು ಇವರಿಗೆ ಹೆಮ್ಮೆ. ಗಲ್ಲ ಸವರಿ, ಯಾರೂ ಮಾತಾಡಿಸಬೇಡಿ, ಮಲಗಲಿ ಎಂದು ಪರದೆ ಎಳೆದರು. ಪರದೆಯ ಹಿಂದೆ ಜ್ವರ ಏರುತ್ತಿತ್ತು. ಕ್ಯಾನ್ಸರಿನ ಔಷಧಿ ತೆಗೆದುಕೊಳ್ಳುವ ಮಕ್ಕಳಿಗೆ ಸೋಂಕು ತಗುಲಿದರೆ ಜೀವ ಹೋಗಲು ಕೆಲವೇ ಗಂಟೆ ಸಾಕು. ಮಧ್ಯಾಹ್ನ ಎಬ್ಬಿಸಿದಾಗ ಮಗು ಕಣ್ಣು ಬಿಡಲಿಲ್ಲ, ಮರುದಿನ ತೀರಿಕೊಂಡಿತು. ಡಾಕ್ಟರು, ನರ್ಸು ಯಾರೂ ಇವರನ್ನು ದೂರಲಿಲ್ಲ. ಆ ತಾಯಿಯಂತೂ ಹೋಗುವಾಗ ಇವರನ್ನೇ ತಬ್ಬಿಕೊಂಡು ಅತ್ತರಂತೆ.

ಅಂದಿನಿಂದ ಯಾವ ಮಗು ಆ ಮಾತು ಹೇಳಿದರೂ ಮೊದಲು ಹಣೆ, ಆಮೇಲೆ ನೇರ ನರ್ಸಮ್ಮನ ಹತ್ತಿರ ಓಟ. ಹೀಗೆ ಓಡಿದ್ದರಿಂದ ಎಷ್ಟು ಮಕ್ಕಳು ಉಳಿದರು ಎಂದು ಕೇಳಿದರೆ ಮಾತು ಬದಲಿಸುತ್ತಾರೆ. ಉಳಿದಿದ್ದಾರೆ ಎಂದು ನರ್ಸಮ್ಮ ಹೇಳುತ್ತಾರೆ.

ನಿಮಗೇನಾದರೂ ಆಸೆಯಿದೆಯೇ ಎಂದು ಕೇಳುತ್ತೇನೆ. ಆಯಮ್ಮ ಹಾಸಿಗೆಗೆ ತೂಗುಹಾಕಿದ ಹಾಳೆ ತೋರಿಸುತ್ತಾರೆ.

“ಜ್ವರಕ್ಕೆ, ವಾಂತಿಗೆ, ಎಲ್ಲಕ್ಕೂ ಇದ್ರಲ್ಲಿ ಜಾಗ ಇದೆ. ಮಗು ಏನು ಹೇಳ್ತು ಅಂತ ಬರೆಯೋಕೂ ಒಂದು ಗೆರೆ ಜಾಗ ಬಿಡ್ಲಿ, ಸಾಕು. ಅವತ್ತು ಅವಳು ಹೇಳಿದ್ಲು ಸಾರ್. ನಾನು ಕಲಿಸಿದ ಹಾಗೇ, ಸರಿಯಾಗೇ ಹೇಳಿದ್ಲು.”