ಸಹಿ ಬಾಕಿಯ ಕವರುಗಳು

ಪಕ್ಕದ ಕಿಟಕಿಯ ಮನುಷ್ಯನನ್ನು ನಾನು ಹನ್ನೊಂದು ವರ್ಷ ನಂಬಲಿಲ್ಲ. ಆಸ್ಪತ್ರೆಯಲ್ಲಿ ನನ್ನದು ಟೋಕನ್ ಕಿಟಕಿ, ಅವರದು ರಕ್ತ ಪರೀಕ್ಷೆಯ ರಿಪೋರ್ಟ್ ಕೊಡುವ ಕಿಟಕಿ. ಎಲ್ಲರ ಬಾಯಲ್ಲೂ ಅವರು ಸಹಿಯಣ್ಣ. ನೂರಾರು ಕವರುಗಳನ್ನು ತುಟಿ ಪಿಟಕ್ಕೆನ್ನದೆ ಕೊಡುವವರು, ದಿನಕ್ಕೆ ಒಂದೆರಡನ್ನು ಮಾತ್ರ ಮೇಜಿನ ಖಾನೆಗೆ ಸೇರಿಸಿಬಿಡುತ್ತಿದ್ದರು. ಆ ಕವರಿನವರು ಬಂದರೆ, ಡಾಕ್ಟರ ಸಹಿ ಬಾಕಿ ಇದೆ ಎಂದು ಕಿಟಕಿ ಮುಚ್ಚಿ ತಾವೇ ಒಳಗೆ ಕರೆದುಕೊಂಡು ಹೋಗುತ್ತಿದ್ದರು.

ನಾನೇನು ಕುರುಡಿಯೇ? ಬೆಳಿಗ್ಗೆ ರಿಪೋರ್ಟುಗಳನ್ನು ಕವರಿಗೆ ಹಾಕುವುದು ನಾವಿಬ್ಬರೂ ಸೇರಿ. ಅದರಲ್ಲಿನ ಅಂಕಿ ನನಗೆ ಅರ್ಥವಾಗದಿದ್ದರೂ ಡಾಕ್ಟರ ಸಹಿ ಆಗಲೇ ಬಿದ್ದಿರುವುದು ಕಾಣುವುದಿಲ್ಲವೇ? ಒಳಗೆ ಹೋದವರು ಕಣ್ಣು ಕೆಂಪಗೆ ಮಾಡಿಕೊಂಡು ಬರುತ್ತಿದ್ದರು, ಕೆಲವರು ಇವರಿಗೆ ಕೈಮುಗಿದೂ ಹೋಗುತ್ತಿದ್ದರು. ಈ ಆಸಾಮಿ ಕೈ ಬೆಚ್ಚಗೆ ಮಾಡಿಸಿಕೊಂಡೇ ಬಿಡುವುದು ಎಂದು ಮನೆಯಲ್ಲಿ ಗಂಡನಿಗೆ ಹೇಳಿದೆ. ಬೆಳ್ಳಗಿರೋದೆಲ್ಲ ಹಾಲಲ್ಲ ನಿಜ, ನೀನು ಮಾತ್ರ ಹಾಲನ್ನೂ ಸುಣ್ಣದ ನೀರು ಅಂತೀಯ ಎಂದು ಅವರು ನಕ್ಕರು.

ಆಮೇಲೆ ರಿಪೋರ್ಟುಗಳೆಲ್ಲ ಮೊಬೈಲಿಗೇ ಬರಲಿ ಎಂದು ತೀರ್ಮಾನವಾಯಿತು. ಯಾವ ಸ್ಕ್ರೀನ್ ಆದಮೇಲೆ ಯಾವುದು ಎಂದು ನಕ್ಷೆ ಬರೆಯಲು ಒಬ್ಬಾಕೆ ಬಂದಳು. ನಾವು ಬಾಣದಮ್ಮ ಅಂದೆವು. ಗೋಡೆಗೆ ದೊಡ್ಡ ಹಾಳೆ ಅಂಟಿಸಿ, ಶುರುವಿಗೆ ಕಪ್ಪು ಚುಕ್ಕೆ, ಒಂದೊಂದು ಸ್ಕ್ರೀನಿಗೆ ಒಂದೊಂದು ಚೌಕ, ಪ್ರಶ್ನೆ ಬಂದಲ್ಲಿ ವಜ್ರದಾಕಾರ, ಅದರಿಂದ ‘ಹೌದು’ಗೊಂದು ‘ಇಲ್ಲ’ಕ್ಕೊಂದು ಬಾಣ. ಯಾವ ಬಾಣವೂ ನಡುದಾರಿಯಲ್ಲಿ ನಿಲ್ಲಬಾರದು ಎಂಬುದು ಅವಳ ಹಟ. ಕಿಟಕಿಯ ಕೆಲಸ ಹೇಗೆಂದು ಅವಳು ಕೇಳಿದಾಗ ಸಹಿಯಣ್ಣ ಹೇಳಿದ್ದು ಎರಡೇ ಬಾಣ: ರಿಪೋರ್ಟ್ ಆಗಿದ್ದರೆ ಕೊಡುವುದು, ಆಗದಿದ್ದರೆ ನಾಳೆ ಬರಹೇಳುವುದು. ಖಾನೆಯ ಸುದ್ದಿಯೇ ಇಲ್ಲ! ಅವರ ನಿವೃತ್ತಿಗೆ ಎರಡು ವರ್ಷವಿತ್ತು. ಕಿಟಕಿ ತಪ್ಪಿದರೆ ನೆಲಮಾಳಿಗೆಯ ಹಳೇ ಕಡತಗಳ ಕೋಣೆಯೇ ಗತಿ, ಆ ಧೂಳಿಗೆ ತಮ್ಮ ಉಬ್ಬಸ ತಡೆಯುವುದಿಲ್ಲ ಎಂದು ಅವರು ಹೆದರಿದ್ದರು.

ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. ಖಾನೆಯ ಕವರಿಗೆ ಯಾವ ಬಾಣ ಎಂದು ಕೇಳಿನೋಡಿ ಎಂದು ಬಾಣದಮ್ಮನ ಕಿವಿಗೆ ಹಾಕಿದೆ.

ಮರುದಿನ ಅವಳು ಮೇಲಧಿಕಾರಿಯ ಎದುರೇ ಕೇಳಿದಳು. ಖಾನೆ ತೆಗೆದರೆ ಒಂದು ಕವರು ಸಿಕ್ಕಿತು. ಸಹಿಯಣ್ಣ ತಡಬಡಿಸಿ ಜೇಬು ಮುಟ್ಟಿಕೊಂಡರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂದು ನಾನು ಒಳಗೊಳಗೇ ಹಿಗ್ಗಿದೆ.

"ರಿಪೋರ್ಟ್ ಓದೋಕೆ ಬರುತ್ತೆ ಸರ್ ನಂಗೆ" ಎಂದರು. "ಕೆಟ್ಟದ್ದಿದ್ರೆ ಕಿಟಕೀಲಿ ಕೊಡಲ್ಲ. ಒಬ್ಬ ತಾಯಿ ಇಲ್ಲೇ ಸಾಲಲ್ಲಿ ನಿಂತು ಮಗಳ ರಿಪೋರ್ಟ್ ಓದಿ ಬಿದ್ದುಬಿಟ್ರು. ಅವತ್ತಿಂದ ಸಹಿ ಅಂತ ಸುಳ್ಳು ಹೇಳಿ ಡಾಕ್ಟ್ರ ಮುಂದೆ ಕೂರಿಸಿ ಕೊಡ್ತೀನಿ."

ಬಾಣದಮ್ಮ ಹಾಳೆಯ ಮೇಲೆ ಇನ್ನೊಂದು ವಜ್ರ ಬರೆದಳು: ‘ಫಲಿತಾಂಶ ಗಂಭೀರವೇ?’ ಹೌದಾದರೆ ರಿಪೋರ್ಟ್ ತೆರೆಯುವುದಿಲ್ಲ, ‘ಡಾಕ್ಟರ ಸಹಿ ಬಾಕಿ ಇದೆ, ದಯವಿಟ್ಟು ಬನ್ನಿ’ ಎಂಬ ಸ್ಕ್ರೀನ್. ಮೇಲಧಿಕಾರಿ ಬಹಳ ಮೆಚ್ಚಿದರು. ಮೆಚ್ಚಿದ ಕೈಯಲ್ಲೇ, ಅನುಮತಿಯಿಲ್ಲದೆ ರೋಗಿಗಳ ರಿಪೋರ್ಟ್ ಓದಿದ್ದಕ್ಕೆ, ಸುಳ್ಳು ಹೇಳಿದ್ದಕ್ಕೆ ಸಹಿಯಣ್ಣನನ್ನು ನೆಲಮಾಳಿಗೆಗೆ ಹಾಕುವ ಆದೇಶ ಬರೆದರು. ಸುಳ್ಳನ್ನು ಇಟ್ಟುಕೊಂಡರು, ಹೇಳಿದವರನ್ನು ಕಳಿಸಿದರು.

ಮೂರನೇ ದಿನ ಕೆಳಗಿಳಿದು ಹೋದೆ. ಮೂಗಿಗೆ ಟವೆಲ್ ಕಟ್ಟಿಕೊಂಡು ಕಡತ ಜೋಡಿಸುತ್ತಿದ್ದರು.

"ಅಣ್ಣಾ, ಹೇಳಿದ್ದು ನಾನೇ" ಎಂದೆ.

"ಗೊತ್ತಮ್ಮ" ಎಂದರು. "ಪಕ್ಕದಲ್ಲೇ ಕೂತಿದ್ರಲ್ಲ, ನನ್ನನ್ನೇ ಒಂದು ಮಾತು ಕೇಳಬಹುದಿತ್ತು."

ಇನ್ನೂ ಏನೋ ಹೇಳುವವರಿದ್ದರು, ಕೆಮ್ಮು ಬಿಡಲಿಲ್ಲ.